ಹೆಂಚಿನ ಸದ್ದು

ಭಾನುವಾರ ಬೆಳಿಗ್ಗೆ ಆರೂವರೆಗೆ ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಹೊರಟ ಬಸ್ಸಿನಲ್ಲಿ ಶೋಭಾರಾಣಿ ಕಿಟಕಿಯ ಪಕ್ಕ ಕೂತಿದ್ದಳು. ತೊಡೆಯ ಮೇಲಿದ್ದ ಚೀಲದಲ್ಲಿ ಮೇಲೆ ಚಿತ್ರಾನ್ನದ ಡಬ್ಬಿ, ಅದರ ಕೆಳಗೆ ಮಡಿಸಿದ ಬಿಳಿ ಕರಾಟೆ ಬಟ್ಟೆ, ಎಲ್ಲಕ್ಕಿಂತ ಕೆಳಗೆ ಹಳೇ ಟವಲಿನಲ್ಲಿ ಸುತ್ತಿದ ಕಪ್ಪು ಬೆಲ್ಟು. ಎಲ್ಲಿಗೆ ಹೊರಟೆ ಎಂದು ಕೇಳಿದ ಪಕ್ಕದ ಮನೆಯವರಿಗೆ ಚಿಕ್ಕಮ್ಮನ ಮನೆಗೆ ಎಂದು ಹೇಳಿ ಬಂದಿದ್ದಳು. ಹಿಂದೂಪುರದಲ್ಲಿ ಅವಳಿಗೆ ಚಿಕ್ಕಮ್ಮ ಯಾರೂ ಇರಲಿಲ್ಲ.

ಅವಳ ವಯಸ್ಸು ಮೂವತ್ತೊಂದು. ಬೆಳುಗುಪ್ಪದ ಪಕ್ಕದ ಹಳ್ಳಿಯ ಕೊಂಡಪ್ಪ, ಮುನಿಯಕ್ಕನ ಮಗಳು. ಆ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ಅವಳೊಬ್ಬಳೇ. ಕಲ್ಯಾಣದುರ್ಗದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಳು. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದು ಪುಸ್ತಕದಲ್ಲಿ ಬರೆದಿದ್ದರೆ ಸಾಲದು, ತರ್ಮಾಮೀಟರ್ ಇಟ್ಟು ನೋಡಿಯೇ ಒಪ್ಪಿಕೊಳ್ಳಬೇಕು ಎಂದು ಮಕ್ಕಳಿಗೆ ಹೇಳುವವಳು. ಲ್ಯಾಬಿಗೆ ಒಂದು ಸ್ಪಿರಿಟ್ ದೀಪ ತರಬೇಕಾದರೂ ಮೂರು ಅಂಗಡಿ ತಿರುಗುವವಳು.

ಅಂಥವಳು ಕರಾಟೆ ಶಾಲೆಯನ್ನು ಆರಿಸಿಕೊಂಡ ರೀತಿ ನೆನೆದರೆ ಈಗ ಮುಖ ಬಿಸಿಯಾಗುತ್ತಿತ್ತು. ಮೂರು ವರ್ಷದ ಹಿಂದೆ, ಹೆಣ್ಣುಮಕ್ಕಳಿಗೆ ಕರಾಟೆ ಕಲಿಸಬೇಕು, ಜೊತೆಗೆ ಒಬ್ಬ ಟೀಚರೂ ಹೋಗಲಿ ಎಂದು ಹೆಡ್‌ಮಾಸ್ಟರ್ ಚಲಪತಿಯವರು ಹೇಳಿದಾಗ, ಕೈಯೆತ್ತಿದವಳು ಅವಳೇ. ಚಿಕ್ಕಂದಿನಿಂದ ಆಸೆಯಿತ್ತು. ಊರಲ್ಲಿ ಹೊಸದಾಗಿ ಶುರುವಾಗಿದ್ದದ್ದು ಬಾಲಾಜಿಯ ಶಾಲೆ, ಒಂದು ಕಲ್ಯಾಣಮಂಟಪದ ಮಹಡಿಯಲ್ಲಿ. ಮೆಟ್ಟಿಲ ಬಾಯಲ್ಲೇ ಎರಡಾಳೆತ್ತರದ ಫ್ಲೆಕ್ಸು, ಒಳಗೆ ಗಾಜಿನ ಬೀರುವಿನ ತುಂಬ ಬಹುಮಾನದ ಕಪ್ಪುಗಳು, ಗೋಡೆಯಲ್ಲಿ ಯಾರಿಗೂ ಓದಲು ಬಾರದ ಜಪಾನಿ ಅಕ್ಷರದ ಸರ್ಟಿಫಿಕೇಟು. ಆ ಸೀಮೆಯಲ್ಲಿ ಒಬ್ಬರನ್ನು ನಂಬುವ ಮೊದಲು ಕೇಳುವ ಪ್ರಶ್ನೆ ಒಂದೇ, ಯಾರ ಪೈಕಿ ಎಂದು. ಕುಂದುರ್ಪಿಯ ರಾಮಲಿಂಗಯ್ಯನವರ ಮಗ, ಒಳ್ಳೇ ಮನೆ ಎಂದು ಚಲಪತಿಯವರು ಹೇಳಿದರು. ಅಲ್ಲಿಗೆ ವಿಚಾರಣೆ ಮುಗಿಯಿತು. ಅವನು ಕರಾಟೆಯನ್ನು ಯಾರ ಹತ್ತಿರ, ಎಷ್ಟು ವರ್ಷ ಕಲಿತ ಎಂದು ಯಾರೂ ಕೇಳಲಿಲ್ಲ. ಶೋಭಾರಾಣಿಯೂ ಕೇಳಲಿಲ್ಲ. ಒಂದು ದಿನ ಸುಮ್ಮನೆ ಕೂತು ತರಗತಿ ನೋಡಬೇಕೆಂದೂ ಅನ್ನಿಸಲಿಲ್ಲ.

ಬಾಲಾಜಿ ಕೆಟ್ಟ ಮಾತಿನವನಲ್ಲ. ಎಲ್ಲರನ್ನೂ ನಗಿಸುತ್ತಿದ್ದ, ಅವಳನ್ನು ಅಕ್ಕಾ ಎಂದೇ ಕರೆಯುತ್ತಿದ್ದ. ಎರಡು ತಿಂಗಳಿಗೊಂದು ಪರೀಕ್ಷೆ, ಪರೀಕ್ಷೆಗೊಂದು ಬಣ್ಣ. ಹಳದಿ, ಹಸಿರು, ನೀಲಿ, ಕಂದು ಎಲ್ಲ ದಾಟಿ ಹತ್ತನೇ ತಿಂಗಳಿಗೆ ಕಪ್ಪು ಬೆಲ್ಟಿನ ದಿನ ಬಂತು. ಕೆಳಗಿನ ಮಂಟಪದಲ್ಲಿ ವೇದಿಕೆ, ಮೈಕು, ಮುಂದಿನ ಸಾಲಿನಲ್ಲಿ ಚಲಪತಿಯವರು, ಅವಳ ವಿದ್ಯಾರ್ಥಿಗಳು, ಹೊಸ ಸೀರೆಯುಟ್ಟು ಬಂದಿದ್ದ ಮುನಿಯಕ್ಕ. ಬೆಲ್ಟು ಪಡೆಯುವವರು ಒಂದರ ಮೇಲೊಂದಿಟ್ಟ ಮೂರು ಹೆಂಚುಗಳನ್ನು ಒಡೆಯಬೇಕಿತ್ತು. ಹಿಂದಿನ ಕೋಣೆಯಿಂದ ಹೆಂಚು ತಂದು ಇಟ್ಟಿಗೆಗಳ ಮೇಲೆ ಜೋಡಿಸಿದವಳು ಅವಳೇ. ಎರಡನೆಯದನ್ನು ಮೊದಲನೆಯದರ ಮೇಲೆ ಇಟ್ಟಾಗ ಬದ್ ಎಂದಿತು. ಮೂರನೆಯದೂ ಹಾಗೇ.

ಆ ಸದ್ದು ಅವಳಿಗೆ ಗೊತ್ತಿತ್ತು. ಮುನಿಯಕ್ಕ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಒಂದೊಂದನ್ನೂ ಕಿವಿಯ ಹತ್ತಿರ ಎತ್ತಿ, ಬೆರಳು ಮಡಿಸಿ ತಟ್ಟುತ್ತಿದ್ದಳು. ಟಣ್ ಎಂದರೆ ಒಳ್ಳೇದು, ಬದ್ ಎಂದರೆ ಕಣ್ಣಿಗೆ ಕಾಣದ ಬಿರುಕು. ಎಂಟು ವರ್ಷದ ಮಗಳ ಕೈಗೂ ಮಡಕೆ ಕೊಟ್ಟು ತಟ್ಟಿಸಿ ಕಲಿಸಿದ್ದಳು. ಸುಟ್ಟ ಮಣ್ಣು ಮಡಕೆಯಾದರೇನು, ಹೆಂಚಾದರೇನು. ಶೋಭಾರಾಣಿ ಹೆಂಚಿನ ಮೇಲೆ ಕೈಯಿಟ್ಟುಕೊಂಡು ಒಂದು ಗಳಿಗೆ ನಿಂತಳು. ಬಾಲಾಜಿ ಮೈಕು ಪಕ್ಕಕ್ಕೆ ಹಿಡಿದು, ‘ಹೊಡೀರಿ ಅಕ್ಕಾ, ನಾನಿದೀನಿ’ ಎಂದ. ಅವಳು ಹೊಡೆದಳು. ಮೂರೂ ಒಂದೇ ಏಟಿಗೆ ಎರಡೆರಡಾದವು. ಚಪ್ಪಾಳೆ ನಿಲ್ಲಲು ಬಹಳ ಹೊತ್ತಾಯಿತು. ಮನೆಗೆ ಬಂದು ಕೈ ನೋಡಿಕೊಂಡಳು. ಅಂಚು ಕೆಂಪಗೂ ಆಗಿರಲಿಲ್ಲ.

ಮರುವಾರ ಬಸ್ಟಾಂಡಿನ ಎದುರು ಹೊಸ ಫ್ಲೆಕ್ಸು ಎದ್ದಿತು. ಅದರಲ್ಲಿ ಹೆಂಚು ಒಡೆಯುತ್ತಿರುವ ಅವಳ ಫೋಟೋ. ಊರವರು ಕರಾಟೆ ಮಿಸ್ ಎನ್ನತೊಡಗಿದರು. ಆ ಫೋಟೋ ನೋಡಿ ಎರಡು ವರ್ಷದಲ್ಲಿ ಅವಳ ಶಾಲೆಯ ಹನ್ನೊಂದು ಹುಡುಗಿಯರು ಸೇರಿದರು. ಅವರಲ್ಲೊಬ್ಬಳು ಸ್ಪಂದನ, ಎಂಟನೇ ಕ್ಲಾಸು, ಕಡಲೆಕಾಯಿ ಎಣ್ಣೆ ವ್ಯಾಪಾರದ ಸಿದ್ದಲಿಂಗೇಶ್ ಅವರ ಮಗಳು. ಸೇರಿಸುವ ಮೊದಲು ಅವರು ಶಾಲೆಗೆ ಬಂದು, ಬಾಲಾಜಿ ಯಾರೋ ನನಗೆ ಗೊತ್ತಿಲ್ಲ, ನೀವು ಒಂದು ಮಾತು ಹೇಳಿದರೆ ಸಾಕು ಎಂದಿದ್ದರು. ಅವಳು ಹೇಳಿದ್ದಳು.

ಈಗ ಸ್ಪಂದನಳ ಕಪ್ಪು ಬೆಲ್ಟಿನ ದಿನಕ್ಕೆ ಎರಡು ವಾರ ಉಳಿದಿತ್ತು. ನನ್ನ ಹೆಂಚು ನೀವೇ ಜೋಡಿಸಬೇಕು ಮಿಸ್ ಎಂದು ಹುಡುಗಿ ಕೇಳಿಕೊಂಡಿದ್ದಳು. ಆ ಮಾತು ಕೇಳಿದ ಮೇಲೆ ಶೋಭಾರಾಣಿಗೆ ಊಟ ಸೇರಲಿಲ್ಲ. ಹಿಂದಿನ ವರ್ಷ ವಿಜ್ಞಾನ ಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಹಿಂದೂಪುರಕ್ಕೆ ಹೋದಾಗ ಕಂಡ ಒಂದು ಷೆಡ್ಡು ನೆನಪಾಯಿತು. ಹುಣಸೆಹಣ್ಣಿನ ಮಂಡಿಯ ಹಿಂದೆ, ತೆರೆದ ಬಾಗಿಲೊಳಗೆ ಹತ್ತು ಹದಿನೈದು ಜನ ಒಂದೇ ಭಂಗಿಯಲ್ಲಿ ಅಲುಗದೆ ನಿಂತಿದ್ದರು. ಬಿಳಿಗೂದಲಿನವರೊಬ್ಬರು ಮೊಣಕಾಲೂರಿ ಕೂತು ಒಬ್ಬ ಹುಡುಗಿಯ ಹಿಮ್ಮಡಿಯನ್ನು ಒಂದಿಷ್ಟೇ ತಿರುಗಿಸುತ್ತಿದ್ದರು. ಅವಳು ಎದುರಿನ ಅಂಗಡಿಯಲ್ಲಿ ಟೀ ಕುಡಿದು ಮುಗಿಸಿದಾಗಲೂ ಅವರೆಲ್ಲ ಹಾಗೇ ನಿಂತಿದ್ದರು.

ಬಸ್ಸಿಳಿದು ಆ ಷೆಡ್ಡನ್ನೇ ಹುಡುಕಿಕೊಂಡು ಹೋದಳು. ಫ್ಲೆಕ್ಸಿಲ್ಲ, ಬೀರುವಿಲ್ಲ. ಒರೆಸಿದ ಕಡಪ ಕಲ್ಲಿನ ನೆಲ, ಸಾಲಾಗಿಟ್ಟ ಚಪ್ಪಲಿಗಳು, ಹುಳಿ ವಾಸನೆ. ಆ ಬಿಳಿಗೂದಲಿನವರ ಹೆಸರು ಓಬುಳಪತಿ, ಮಂಡಿಯಲ್ಲಿ ತೂಕ ನೋಡುವ ಕೆಲಸ. ‘ಕೂರ್ಚೋಮ್ಮಾ’ ಎಂದು ತೆಲುಗಿನಲ್ಲಿ ಹೇಳಿ ಗೋಡೆಯ ಪಕ್ಕದ ಬೆಂಚು ತೋರಿಸಿದರು. ತರಗತಿಯಲ್ಲಿ ಮಕ್ಕಳ ಜೊತೆ ಒಬ್ಬ ಟೈಲರ್ ಹೆಂಗಸು, ಒಬ್ಬ ಬ್ಯಾಂಕಿನ ಅಟೆಂಡರ್. ಇಚಿ, ನಿ, ಸಾನ್ ಎಂದು ಜಪಾನಿಯಲ್ಲಿ ಎಣಿಸುತ್ತ ಅರ್ಧ ಗಂಟೆ ಒಂದೇ ಗುದ್ದು. ಮೇಷ್ಟ್ರೂ ಅವರ ಎದುರು ನಿಂತು ಅಷ್ಟೇ ಸಲ ಹಾಕಿದರು, ಅಷ್ಟೇ ಬೆವೆತರು.

ಮುಗಿದ ಮೇಲೆ ಅವರು ಕನ್ನಡದಲ್ಲೇ ವಿಚಾರಿಸಿದರು. ಮೊದಲೇನಾದರೂ ಕಲಿತಿದ್ದೀರಾ ಎಂದಾಗ ಅವಳು ಇಲ್ಲ, ಹೊಸಬಳು ಎಂದಳು. ಹಾಗಾದರೆ ಸುಮ್ಮನೆ ನಿಂತು ತೋರಿಸಿ ಎಂದರು. ಅವಳು ನಿಂತಳು. ಮೂರು ವರ್ಷದ ಅಭ್ಯಾಸ ತಾನೇ ತಾನಾಗಿ ಮುಷ್ಟಿ ಕಟ್ಟಿ ಸೊಂಟಕ್ಕೆ ತಂದಿತು.

ಓಬುಳಪತಿ ಆ ಮುಷ್ಟಿಯನ್ನೇ ನೋಡಿದರು. ‘ಹೊಸಬರು ಹಿಂಗೆ ನಿಲ್ಲಲ್ಲಮ್ಮ. ಯಾರೋ ಕಲ್ಸವ್ರೆ.’

ಅವಳು ಚೀಲದ ತಳಕ್ಕೆ ಕೈಹಾಕಿ ಟವಲು ತೆಗೆದು ಬಿಚ್ಚಿದಳು. ಅವರು ಬೆಲ್ಟನ್ನು ಮುಟ್ಟಲಿಲ್ಲ, ನಗಲೂ ಇಲ್ಲ. ಕೊಟ್ಟವರು ಯಾರು ಎಂದರು. ಹೇಳಿದಳು. ಆ ಬಾಲಾಜಿ ಯಾರ ಹತ್ತಿರ ಕಲಿತದ್ದು ಎಂದರು. ಗೊತ್ತಿಲ್ಲ ಎಂದಳು. ತಮ್ಮ ಗುರುವಿನ ವಿಷಯವನ್ನು ಅವಳು ಕೇಳದೆಯೇ ಹೇಳಿದರು. ಬೆಂಗಳೂರಿನಲ್ಲಿ ಮಿಲ್ಲಿಗೆ ಹೋಗುತ್ತಿದ್ದಾಗ ಹನ್ನೊಂದು ವರ್ಷ ಒಬ್ಬರ ಹತ್ತಿರ ಕಲಿತದ್ದು, ಅವರು ಈಗಲೂ ಇದ್ದಾರೆ. ‘ನಂಬರ್ ಕೊಡ್ತೀನಿ, ನಾನು ಹೆಂಗೆ ಅಂತ ಅವರನ್ನೇ ಕೇಳಿ. ನಾಕು ಭಾನುವಾರ ಬಂದು ಕೂತು ನೋಡಿ. ಊರಲ್ಲಿ ಇನ್ನೂ ಎರಡು ಕಡೆ ಕಲಿಸ್ತಾರೆ, ಅಲ್ಲೂ ನೋಡಿ. ಆಮೇಲೂ ಇಲ್ಲಿಗೇ ಬರ್ಬೇಕು ಅನ್ಸಿದ್ರೆ ಬನ್ನಿ.’

ಇದನ್ನು ಏನು ಮಾಡಲಿ ಎಂದು ಅವಳು ಬೆಲ್ಟು ತೋರಿಸಿದಳು.

‘ಕೊಟ್ಟೋನು ನಾನಲ್ಲ, ಬಿಚ್ಚಿಸೋಕೆ ನಾನ್ಯಾರು? ಕಟ್ಕೊಂಡು ಬಂದ್ರೂ ಕೊನೇ ಸಾಲು, ಬಿಟ್ಟು ಬಂದ್ರೂ ಕೊನೇ ಸಾಲು.’ ಬಾಗಿಲು ಮುಚ್ಚುತ್ತ ಮತ್ತೆ ಕೇಳಿದರು, ‘ಅಲ್ಲಿ ನಿಮ್ಮ ಜೊತೆ ಇನ್ನೂ ಯಾರಾದ್ರೂ ಅವ್ರಾ?’

ಹನ್ನೊಂದು ಹುಡುಗಿಯರು ಎಂದಳು.

‘ಅವರಿಗೆ ಗೊತ್ತಾ?’

ಬಸ್ಸಿನಲ್ಲಿ ವಾಪಸು ಬರುವಾಗ ಚಿತ್ರಾನ್ನದ ಡಬ್ಬಿ ತೆರೆಯಲೇ ಇಲ್ಲ.

ಮಂಗಳವಾರ ಮುನಿಯಕ್ಕ ಊರಿಂದ ಅವರೆಕಾಯಿ ತಂದಳು. ಇಬ್ಬರೂ ಮೊರ ಮುಂದಿಟ್ಟುಕೊಂಡು ಸುಲಿಯುತ್ತ ಕೂತಿದ್ದಾಗ ಶೋಭಾರಾಣಿ ತಲೆ ಎತ್ತದೆ ಹೆಂಚಿನ ಸಂಗತಿ ಹೇಳಿದಳು. ಮೊದಲೇ ಬಿರುಕು ಬಿಡಿಸಿ ಇಟ್ಟಿದ್ದರು, ಸದ್ದಿನಿಂದಲೇ ತಿಳಿಯಿತು, ಆದರೂ ಹೊಡೆದೆ, ಈಗ ಎಣ್ಣೆಯವರ ಮಗಳು ಸ್ಪಂದನಳ ಸರದಿ ಎಂದಳು. ಮುನಿಯಕ್ಕನ ಕೈ ನಿಲ್ಲಲಿಲ್ಲ.

‘ನಂಗೂ ಕೇಳುಸ್ತು ಕಣಮ್ಮ.’

ಮಗಳು ತಲೆ ಎತ್ತಿದಳು.

‘ಮುಂದೇನೇ ಕೂತಿದ್ನಲ್ಲ. ಮೈಕು ಬೇರೆ ಹತ್ರ ಇತ್ತು. ಒಡಕು ಅಂತ ಗೊತ್ತಾಯ್ತು. ನಿಂಗೆ ಗೊತ್ತಾಗ್ನಿಲ್ವೇನೋ, ಪ್ಯಾಟೆ ಸೇರಿ ಮರೆತ್ಬುಟ್ಟವ್ಳೆ ಅಂದ್ಕಂಡೆ. ಗೊತ್ತಿದ್ದೂ ಹೊಡೆದೆ ಅಂತ ಈಗ್ಲೇ ತಿಳಿದಿದ್ದು.’

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಎರಡು ವರ್ಷ ತಾಯಿ ಮಗಳನ್ನು ಮೋಸ ಹೋದವಳು ಎಂದುಕೊಂಡು, ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದಳು. ಈಗ ಆ ಮರೆಯೂ ಉಳಿಯಲಿಲ್ಲ. ಸಿಪ್ಪೆ ಗುಡಿಸಿ ಎದ್ದ ಮುನಿಯಕ್ಕ, ಆ ಎಣ್ಣೆಯವರ ಮನೆಗೆ ಯಾವಾಗ ಹೋಗುತ್ತೀ ಎಂದಷ್ಟೇ ಕೇಳಿದಳು.

ಬುಧವಾರ ಸಂಜೆ ಶಾಲೆ ಬಿಟ್ಟ ಮೇಲೆ ಹೋದಳು. ಸಿದ್ದಲಿಂಗೇಶ್ ಅಂಗಡಿಯ ಹಿಂದಿನ ಮನೆಯಲ್ಲೇ ಇದ್ದರು, ಹಣೆಯಲ್ಲಿ ವಿಭೂತಿ ಇನ್ನೂ ಹಸಿಯಾಗಿತ್ತು. ಕರಾಟೆ ಮಿಸ್ ಬಂದ್ರು ಎಂದು ಕುರ್ಚಿ ಹಾಕಿ, ಮಗಳನ್ನು ಕರೆದು ಕಾಫಿಗೆ ಹೇಳಿದರು. ಶೋಭಾರಾಣಿ ಕೂರಲಿಲ್ಲ. ನಿಂತೇ ಹೆಂಚಿನಿಂದ ಹಿಡಿದು ಹಿಂದೂಪುರದ ಮೇಷ್ಟ್ರವರೆಗೆ ಎಲ್ಲ ಹೇಳಿದಳು. ಒಮ್ಮೆ ಹೇಳಲು ಶುರುಮಾಡಿದ ಮೇಲೆ ಮಾತು ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಒಂದೇ ಉಸಿರಿಗೆ ಬಂತು.

ಸಿದ್ದಲಿಂಗೇಶ್ ಹಾಕಿದ್ದ ಕುರ್ಚಿಯನ್ನು ಗೋಡೆಗೆ ಸರಿಸಿದರು. ‘ನಾನು ಎಣ್ಣೆ ಮಾರೋನು ಮಿಸ್. ಕಲಬೆರಕೆ ಅಂತ ಒಂದು ಮಾತು ಬಂದ್ರೆ ಅಂಗಡಿ ಬಾಗಿಲು ಹಾಕ್ಬೇಕಾಯ್ತದೆ. ನಿಮ್ಮ ಸ್ಕೂಲಲ್ಲಿ ಹಂಗೇನೂ ಇಲ್ಲ ಅನ್ಸುತ್ತೆ.’ ದನಿ ಏರಿಸಿರಲಿಲ್ಲ.

ಸ್ಪಂದನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ‘ಮಿಸ್, ನಿಮಗೆ ಯಾವಾಗ ಗೊತ್ತಾಯ್ತು?’

ಆಮೇಲೆ ತಿಳಿಯಿತು ಎಂದುಬಿಡಬಹುದಿತ್ತು. ಹಾಗೆಂದರೆ ಹುಡುಗಿಯ ಕಣ್ಣಿನಲ್ಲಿ ಒಂದಿಷ್ಟಾದರೂ ಮರ್ಯಾದೆ ಉಳಿಯುತ್ತಿತ್ತು.

‘ಹೊಡಿಯೋಕೆ ಮುಂಚೇನೇ’ ಎಂದಳು.

ಹುಡುಗಿ ಒಳಗೆ ಹೋದಳು. ಕಾಫಿ ಬರಲಿಲ್ಲ.

ಉಳಿದ ಹತ್ತು ಮನೆಗಳಿಗೂ ಆ ವಾರ ಹೋಗಿ ಬಂದಳು. ಸಿದ್ದಲಿಂಗೇಶ್ ಸೇರಿ ನಾಲ್ಕು ಜನ ಮಕ್ಕಳನ್ನು ಬಿಡಿಸಿದರು. ಉಳಿದವರು ಅವಳಿಗೂ ಬಾಲಾಜಿಗೂ ಏನೋ ಮನಸ್ತಾಪ ಎಂದುಕೊಂಡರು. ಬಾಲಾಜಿ ಫೋನ್ ಮಾಡಿ, ಎಲ್ಲ ಕಡೆ ಹೀಗೇ ನಡೆಯೋದು, ನಿಮಗೆ ನಾನೇನು ಅನ್ಯಾಯ ಮಾಡಿದೆ ಅಕ್ಕಾ ಎಂದು ನಿಜವಾಗಿ ನೊಂದವನಂತೆ ಕೇಳಿದ. ಫ್ಲೆಕ್ಸಿನಿಂದ ತನ್ನ ಫೋಟೋ ತೆಗೆಯಲು ಹೇಳಿದ್ದಕ್ಕೆ ನೋಡೋಣ ಎಂದ. ಫ್ಲೆಕ್ಸು ಇಳಿಯಲಿಲ್ಲ. ದಿನಾ ಬಸ್ಟಾಂಡಿನ ಎದುರು ಅವಳು ತನ್ನದೇ ಮುಖದ ಕೆಳಗೆ ನಡೆದು ಶಾಲೆಗೆ ಹೋಗಬೇಕಿತ್ತು. ಕ್ಲಾಸಿನಲ್ಲಿ ಸ್ಪಂದನ ನೋಟ್ಸು ಬರೆದುಕೊಳ್ಳುತ್ತಿದ್ದಳು, ಕೈಯೆತ್ತಿ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಳು. ತರ್ಮಾಮೀಟರ್ ಇಟ್ಟು ನೋಡಿ ಎಂಬ ಮಾತನ್ನು ಶೋಭಾರಾಣಿಯೂ ಬಿಟ್ಟಿದ್ದಳು.

ನಾಲ್ಕು ಭಾನುವಾರ ಅವಳು ಬೆಂಚಿನ ಮೇಲೆ ಕೂತು ನೋಡಿದಳು. ಇನ್ನೆರಡು ಶಾಲೆಗಳನ್ನೂ ನೋಡಿದಳು. ಬೆಂಗಳೂರಿನ ನಂಬರಿಗೆ ಫೋನ್ ಮಾಡಿದಳು. ಅತ್ತ ಕಡೆಯ ಮುದುಕರು, ಓಬುಳಪತಿ ಕಾಲು ನಿಧಾನ, ಆದರೆ ಸುಳ್ಳು ಹೇಳಿದ್ದು ನೆನಪಿಲ್ಲ ಎಂದರು. ಐದನೇ ಭಾನುವಾರ ಬಿಳಿ ಬೆಲ್ಟು ಕಟ್ಟಿಕೊಂಡು ಕೊನೇ ಸಾಲಿನಲ್ಲಿ ಏಳು ವರ್ಷದವರ ಪಕ್ಕ ನಿಂತಳು. ಓಬುಳಪತಿ ಬಂದು ಅವಳ ಹಿಮ್ಮಡಿಯನ್ನು ಒಂದಿಷ್ಟು ತಿರುಗಿಸಿ ಮುಂದೆ ಹೋದರು.

ಎಂಟನೇ ಭಾನುವಾರ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ಸಿದ್ದಲಿಂಗೇಶ್ ಇದ್ದರು, ಪಕ್ಕದಲ್ಲಿ ಸ್ಪಂದನ. ಅವಳು ಕಂಬಿ ಹಿಡಿದು ನಿಂತಳು.

‘ನಾವೂ ಹಿಂದೂಪುರಕ್ಕೇ’ ಎಂದರು ಸಿದ್ದಲಿಂಗೇಶ್. ‘ಇವಳು ಒಂದೇ ಸಮ ಹಿಡ್ಕೊಂಡವ್ಳೆ, ಆ ಮೇಷ್ಟ್ರ ಕ್ಲಾಸು ನೋಡ್ಬೇಕಂತೆ. ಕೂತ್ಕೊಂಡು ನೋಡಿ ಬತ್ತೀವಿ. ಈ ಸಲ ನಿಮ್ಮ ಮಾತಿನ ಮೇಲಲ್ಲ, ಮಿಸ್.’

ಬೇಡ ಸಾರ್, ನನ್ನ ಮಾತಿನ ಮೇಲೆ ಬೇಡ ಎಂದಳು ಅವಳು. ಸ್ಪಂದನ ಕಿಟಕಿಯ ಕಡೆ ತಿರುಗಿಕೊಂಡೇ ಇದ್ದಳು. ಶೋಭಾರಾಣಿ ಅವರನ್ನು ದಾಟಿ ಮೂರು ಸೀಟು ಹಿಂದೆ ಹೋಗಿ ಕೂತಳು.