ಅರಗಿನ ಪ್ಲೇಟಿಗೆ ಮಾಡಿದ ಸಾಲ

ಆಗ ನನಗೆ ಒಂಬತ್ತು ವರ್ಷ. ಅದಾಗಿ ಅರವತ್ತನಾಲ್ಕು ವರ್ಷವಾಯಿತು. ಆ ಚಳಿಗಾಲ ಗದಗಿನ ನಮ್ಮ ಮನೆಯಲ್ಲಿ ತುಂಬಿಕೊಂಡಿದ್ದ ಅರಗಿನ ವಾಸನೆ ಹೋದ ಶನಿವಾರ ಅಮೆರಿಕದ ಆಸ್ಟಿನ್ನಿನಲ್ಲಿ ನನ್ನ ಮೂಗಿಗೆ ಬಡಿಯಿತು. ಅಲ್ಲಿ ಒಂದು ದೊಡ್ಡ ಕಟ್ಟಡದೊಳಗೆ ಹಳೆಯ ಹಾಡಿನ ಪ್ಲೇಟುಗಳ ಸಂತೆ ಕೂಡಿತ್ತು. ನನ್ನ ಅಳಿಯ ಗಿರೀಶನಿಗೆ ಆ ಹುಚ್ಚು. ನಾವಿರುವ ಕೇಟಿ ಊರಿನಿಂದ ಎರಡು ತಾಸಿಗೂ ಮೇಲೆ ಡ್ರೈವ್ ಮಾಡಿಕೊಂಡು ಹೋಗುತ್ತಾನೆ. ಮಗಳು ಸವಿತಾ ಕೆಲಸಕ್ಕೆ ಹೋಗಿದ್ದಳು, ನಾನೊಬ್ಬಳೇ ಮನೆಯಲ್ಲಿ ಯಾಕೆಂದು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡಿದ್ದ. ಒಬ್ಬ ಬಿಳಿಯ ಮುದುಕ ಕಟ್ಟಿಗೆಯ ಪೆಟ್ಟಿಗೆಯೊಂದರ ಮುಚ್ಚಳ ತೆಗೆದ. ಮೊದಲು ಧೂಳು, ಆಮೇಲೆ ಹಳೇ ಕಾಗದ, ಅದರಡಿಯಿಂದ ಅರಗು. ಆ ವಾಸನೆ ಬಲ್ಲವರಿಗೆ ಹೇಳಬೇಕಿಲ್ಲ; ಅರಿಯದವರಿಗೆ ಹೇಳಲು ನನಗೆ ಬರುವುದಿಲ್ಲ. ಈಗಿನ ಪ್ಲಾಸ್ಟಿಕ್ಕಿಗೆ ಅದಿಲ್ಲ. ಆಗಿನ ಪ್ಲೇಟುಗಳು ಅರಗಿನವು, ಕೈ ಜಾರಿದರೆ ಹಂಚಿನಂತೆ ಒಡೆಯುವಂಥವು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಓದುವುದು ನಿಧಾನ. ಒಂದು ಪ್ಲೇಟಿನ ನಡುವೆ ಅಂಟಿಸಿದ್ದ ಕೆಂಪು ಚೀಟಿಯಲ್ಲಿ ಕನ್ನಡ ಅಕ್ಷರ ಕಂಡವು. ಕೂಡಿಸಿ ಕೂಡಿಸಿ ಓದಿದೆ. ನಮ್ಮ ಕಾಕಾನ ಪ್ಲೇಟಿನದೇ ಹಾಡು.

ಕಾಕಾ ಅಂದರೆ ನಮ್ಮಪ್ಪನ ತಮ್ಮ ಶಿವಪ್ಪ. ಅಪ್ಪ ಸತ್ತ ಮೇಲೆ ಆಯಿ, ಅವ್ವ, ನಾನು ಮೂವರೂ ಅವನ ದುಡಿಮೆಯಲ್ಲಿ ಉಂಡವರು. ಆಯಿ ಅಂದರೆ ಅಪ್ಪನ ತಾಯಿ. ಹತ್ತಿಯ ಜಿನ್ನಿನಲ್ಲಿ ಕಾಕಾನಿಗೆ ಕೆಲಸ. ಸಂಜೆ ಬಂದರೆ ಮೀಸೆಯಲ್ಲೂ ಕಿವಿಯಲ್ಲೂ ಹತ್ತಿಯ ಎಳೆ. ಬೀಡಿ ಸೇದುತ್ತಿರಲಿಲ್ಲ, ಚಹಾದಂಗಡಿಯಲ್ಲಿ ಕೂರುತ್ತಿರಲಿಲ್ಲ. ಪ್ಲೇಟು ಕೂಡಿಹಾಕುವುದೊಂದೇ ಚಟ. ಕೀಲಿ ಕೊಟ್ಟು ತಿರುಗಿಸುವ ಫೋನೋ ಒಂದನ್ನು ಯಾರಿಂದಲೋ ಕೊಂಡಿದ್ದ. ಪ್ಲೇಟುಗಳನ್ನು ನಡುಮನೆಯಲ್ಲಿ ಜೋಳದ ಚೀಲಗಳ ಪಕ್ಕ ಅರಿವೆ ಹಾಸಿ ನಿಲ್ಲಿಸಿಟ್ಟಿದ್ದ. ಮುಟ್ಟಿದರೆ ನನಗೂ ಬೈಗುಳ. ಆ ವರ್ಷ ಒಂದು ನಾಟಕ ಕಂಪನಿ ಮುರಿದುಬಿತ್ತು. ಅದರ ದೊಡ್ಡ ನಟಿ ಹಾಡಿದ್ದ ಪ್ಲೇಟನ್ನು ಮ್ಯಾನೇಜರ್ ಮಾರಲು ಇಟ್ಟ. ಅವನು ಹೇಳಿದ ಬೆಲೆ ಕಾಕಾನ ತಿಂಗಳ ಪಗಾರದಷ್ಟು. ಕಾಕಾ ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸಿ ಏಳತೊಡಗಿದ.

"ಯಾಕೋ ಶಿವ್ಯಾ, ಯಾವಾಕಿ ಮ್ಯಾಲರ ಮನಸ ಬಿದ್ದೈತೇನ?" ಎಂದಳು ಆಯಿ.

"ಹಾಡಿನ ಮ್ಯಾಲ ಬಿದ್ದೈತಿ ಬೇ. ಸಾಲ ಮಾಡ್ಲೋ ಬ್ಯಾಡೋ ತಿಳೀವಲ್ದು."

ಒಲೆಯ ಮುಂದೆ ಕೂತಿದ್ದ ಅವ್ವ ತಿರುಗಿಯೂ ನೋಡದೆ, "ಹಂಗಾರ ಇನ್ನ ಮ್ಯಾಲ ಹಾಡ ಉಂಡು ಮಲಗೂಣು," ಅಂದಳು.

ಆಯಿ ಎಣ್ಣೆಯ ಬಟ್ಟಲು ಎಳೆದುಕೊಂಡಳು. ಕೈಗೆ ಎಣ್ಣೆ ಹಚ್ಚಿಕೊಂಡು ಬಲಗೈಯ ಪಾಟ್ಲಿ ಕಳಚಿದಳು. ಮದುವೆಯಲ್ಲಿ ಅವಳಪ್ಪ ಹಾಕಿದ ಬಳೆ; ಅವಳ ಮೈಮೇಲೆ ಉಳಿದಿದ್ದ ಬಂಗಾರ ಅದೊಂದೇ. "ಒತ್ತಿ ಇಟ್ಟು ಬಾ. ದುಡ್ಯಾವಗ ಒಂದರ ಸುಖ ಬೇಕಲ್ಲ," ಅಂದಳು.

ಕಾಕಾ ಸರಾಫನ ಅಂಗಡಿಗೆ ಹೋದ. ಸರಾಫ ಪಾಟ್ಲಿಯನ್ನು ಕೈಯಲ್ಲಿ ತೂಗಿ ನೋಡಿದವನು ಸಂಶಯಪಟ್ಟು ಒಂದು ಕಡೆ ಕೊರೆದ. ಒಳಗೆಲ್ಲ ಅರಗು. ಮೇಲೆ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ಬಂಗಾರ. ಸಿಕ್ಕಿದ್ದು ಪ್ಲೇಟಿನ ಅರ್ಧ ಬೆಲೆ. ಕಾಕಾ ಮೋರೆ ಇಳಿಸಿಕೊಂಡು ಬಂದು ಹೇಳಿದ. ತಾಯಿ ಅಳುತ್ತಾಳೆಂದು ತಿಳಿದಿದ್ದನೇನೋ. ಆಯಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ನಮ್ಮಪ್ಪ ಎಂಥಾ ಕಳ್ಳ ಇದ್ದಾನೋ! ನಲವತ್ತು ವರ್ಷ ಅರಗು ಹೊತ್ತು ಮೆರೆದ್ನಲ್ಲೋ ನಾನು!" ಉಳಿದ ಅರ್ಧವನ್ನು ಕಾಕಾ ಜಿನ್ನಿನ ಮಾಲಕರ ಹತ್ತಿರ ಎತ್ತಿದ. ತಿಂಗಳು ತಿಂಗಳು ಪಗಾರದಲ್ಲಿ ಮುರಿದರು. ಚಳಿಗಾಲವೆಲ್ಲ ರೊಟ್ಟಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ. ಹಬ್ಬಕ್ಕೂ ಹೋಳಿಗೆಯಿಲ್ಲ.

ಆದರೆ ಸಂಜೆ ದೀಪ ಹಚ್ಚಿದ ಮೇಲೆ ಕಾಕಾ ಫೋನೋಗೆ ಕೀಲಿ ಕೊಡುತ್ತಿದ್ದ. ಮೊದಲು ಸುಡುವ ಎಣ್ಣೆಗೆ ಕರಿಬೇವು ಬಿದ್ದಂತೆ ಚರಚರ ಸದ್ದು, ಅದರೊಳಗಿಂದ ಆ ಹೆಂಗಸಿನ ದನಿ. ತೆಳ್ಳಗೆ, ಗಟ್ಟಿಯಾಗಿ, ಮೂಗಿನಲ್ಲಿ ಸ್ವಲ್ಪ. ಆಯಿ ಬರಿಗೈಯಿಂದ ಮೊಣಕಾಲ ಮೇಲೆ ತಾಳ ಹಾಕುವಳು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಲ್ಲುವಳು. ರೊಟ್ಟಿ ಹೊತ್ತಿದರೂ ಸರಿಯುತ್ತಿರಲಿಲ್ಲ. ನಾನು ಕಾಕಾನ ಬೆನ್ನಿಗೆ ಒರಗಿ ಕೂರುತ್ತಿದ್ದೆ, ಹತ್ತಿಯ ವಾಸನೆ, ಬೆವರು, ಕಾದ ಅರಗು ಎಲ್ಲ ಒಂದಾಗಿ ಬರುತ್ತಿತ್ತು. ಆ ಸಾಲ ತಪ್ಪು. ಈಗಲೂ ತಪ್ಪೇ ಅನ್ನುತ್ತೇನೆ. ಒಬ್ಬನ ದುಡಿಮೆಯ ಮೇಲೆ ನಿಂತ ಮನೆ ಹಾಡಿಗಾಗಿ ಸಾಲ ಮಾಡಬಾರದು. ಪಾಟ್ಲಿ ಬಿಡಿಸಿಕೊಳ್ಳಲು ಆಗಲೇ ಇಲ್ಲ, ಮುಳುಗಿಹೋಯಿತು. ಆದರೂ ಆಯಿ ಸಾಯುವ ತನಕ ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ಒಲೆಯ ಮುಂದೆ ಅಂದ ಆ ಒಂದು ಮಾತಿನ ಮೇಲೆ ಅವ್ವನೂ ಇನ್ನೊಂದು ಅನ್ನಲಿಲ್ಲ. ಆಮೇಲೆ ನಾನು ಎಷ್ಟೋ ಮನೆ ನೋಡಿದ್ದೇನೆ, ಉಂಡ ತುತ್ತನ್ನೂ ಎಣಿಸಿ ಆಡುವ ಮನೆಗಳು. ನಾನು ಹುಟ್ಟಿದ ಮನೆ ಹಾಗಿರಲಿಲ್ಲ. ಅದೊಂದಕ್ಕೆ ಆ ಮೂವರಿಗೂ ಕೈ ಮುಗಿಯುತ್ತೇನೆ.

ಆಸ್ಟಿನ್ನಿನ ಮುದುಕ ಪ್ಲೇಟು ಹಚ್ಚಿ ಮುಳ್ಳು ಇಳಿಸಿದ. ಅದೇ ದನಿ. ನಾನು ಕುರ್ಚಿ ಕೇಳಿ ಕೂತೆ.

"ಏನಂತಾನ್ರಿ ಅಂವ?" ಎಂದೆ ಗಿರೀಶನಿಗೆ.

"ಆರುನೂರು ಡಾಲರ್ ಅಂತೆ ಅತ್ತೆ. ಕನ್ನಡದ್ದು ಸಿಗೋದೇ ಇಲ್ಲ, ಬೇರೆಯವ್ರೂ ಕೇಳಿದಾರೆ ಅಂತಾನೆ." ಗಿರೀಶ ಮೈಸೂರಿನವನು, ಮೆತ್ತಗೆ ಮಾತಾಡುತ್ತಾನೆ. "ಬಿಡಿ, ನಾನು ಕೊಡಿಸ್ತೀನಿ. ಗಿಫ್ಟ್."

ಕೇಟಿಯ ಹತ್ತಿರದ ಊರು ಸ್ಟಾಫರ್ಡಿನ ಅಂಗಡಿಗೆ ವಾರಕ್ಕೊಮ್ಮೆ ರೊಟ್ಟಿ ಮಾಡಿ ಕೊಡುತ್ತೇನೆ, ಆ ದುಡ್ಡು ನನ್ನದು. ಆದರೆ ಇದ್ದದ್ದು ಅರ್ಧ ಬೆಲೆಗೂ ಸಾಲದು. ಜನ್ಮದಲ್ಲಿ ಸಾಲ ಮಾಡಿದವಳಲ್ಲ. ಎಪ್ಪತ್ತಮೂರರ ಮುದುಕಿ ಈಗ ಪ್ಲೇಟಿಗೆ ಸಾಲ ಮಾಡುವುದೇ? ಕಾಕಾ ಸಾಲ ಮಾಡಿದಾಗ ಕೂಡಿ ಕೇಳಲು ಮನೆ ತುಂಬ ಜನ ಇದ್ದರು. ನನ್ನ ಜೊತೆ ಕೇಳುವವರು ಯಾರು? ನಾನು ಸತ್ತರೆ ಗದಗಿನ ಆ ಮನೆಯಲ್ಲಿ ಈ ಹಾಡು ಕೇಳಿಸುತ್ತಿತ್ತೆಂದು ಬಲ್ಲವರು ಒಬ್ಬರೂ ಇರುವುದಿಲ್ಲ. ಪ್ಲೇಟು ಕೊಂಡರೂ ಇರುವುದಿಲ್ಲ, ಅದು ಬೇರೆ ಮಾತು. ಆದರೂ ಬೇಕು ಅನ್ನಿಸಿತು. ಬೇಕು ಅನ್ನಿಸಿದ್ದಕ್ಕೆ ಕಾಕಾನೂ ಕಾರಣ ಹೇಳಿರಲಿಲ್ಲ.

"ಗಿಫ್ಟ್ ಒಲ್ಲೆ. ಸಾಲ ಅಂದ್ರ ತಗೋತೇನಿ," ಎಂದೆ.

"ಸರಿ. ಬಡ್ಡಿ ಎಷ್ಟು ಹಾಕ್ಲಿ?"

"ಹೊಟ್ಟಿ ತುಂಬ ರೊಟ್ಟಿ."

"ಅದು ಈಗ್ಲೂ ತಿಂತಿದೀನಲ್ಲ ಅತ್ತೆ!"

"ಅದರ ಲೆಕ್ಕ ನಾ ಎಂದರ ತಗದೇನೇನ್ರಿ? ನೀವೂ ಇದನ್ನ ಎತ್ತಿ ಆಡಬಾರ್ದು ನೋಡ್ರಿ."

"ಆಡಲ್ಲ. ಸವಿತಂಗೆ ಹೇಳ್ಬೋದಾ?"

"ಆಕಿಗಂತೂ ಹೇಳಬ್ಯಾಡ್ರಿ. ಆಕಿ ಆಡ್ತಾಳ."

ಗಿರೀಶ ನಗುತ್ತ ಕಾರ್ಡು ತೆಗೆದ. ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕೇಟಿಯ ತನಕ ಬಂದೆ. ರಸ್ತೆ ಎಗರಿಸಿದಾಗಲೆಲ್ಲ ಎರಡೂ ಕೈಯಿಂದ ಹಿಡಿದೆ. ಆಯಿ, ಅವ್ವ, ಕಾಕಾ ಮೂವರೂ ಮಣ್ಣಾದರು. ಕಾಕಾನ ಪ್ಲೇಟುಗಳು ಮನೆ ಬದಲಿಸುವಾಗ ಒಡೆದವು. ಆ ಮನೆ ಬಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಂತೆ. ಹೋಗಿ ನೋಡುವ ಆಸೆ ನನಗಿಲ್ಲ. ಕಾರಿನಲ್ಲಿ ಕಣ್ಣೀರು ಬಂತೇ ಎಂದು ಕೇಳಿದರೆ, ಇಲ್ಲ. ಹಸಿವಾಗಿತ್ತು.

ಮರುದಿನ ಬೆಳಿಗ್ಗೆ ಸ್ಟಾಫರ್ಡಿನ ಅಂಗಡಿಗೆ ಫೋನ್ ಮಾಡಿ, ಇನ್ನು ವಾರಕ್ಕೆ ಎರಡು ಸಲ ರೊಟ್ಟಿ ಕೊಡುತ್ತೇನೆ ಅಂದೆ. ಫೋನಿಟ್ಟು ಹಿಟ್ಟು ನಾದಲು ಕೂತೆ.