ಮರಕ್ಕೆ ತಗುಲಿ ಈಚೆ ಬಂದ ಚೆಂಡು

ಸರಕಿನಂತೆ ತೂಗಿ ನೋಡಿದರೆ, ಈ ಲಿಫ್ಟ್ ರಿಪೇರಿಯವನನ್ನು ನಾನು ಅಂಗಡಿಯ ಮುಂಭಾಗದಲ್ಲಿ ಇಡುತ್ತಿರಲಿಲ್ಲ. ಕುಳ್ಳು ಆಳು, ಅಗಲ ಭುಜ, ಎಷ್ಟು ತೊಳೆದರೂ ಬೆರಳ ಸಂದಿಯಿಂದ ಹೋಗದ ಗ್ರೀಸು. ಮಾತಿನ ದಾಸ್ತಾನು ಬಹಳ ಕಡಿಮೆ. ಆದರೆ ನನ್ನ ಹಾರ್ಡ್‌ವೇರ್ ಅಂಗಡಿಗೆ ಬಂದು ಒಂದು ಬೋಲ್ಟು ಕೊಳ್ಳಬೇಕಾದರೆ ನಾಲ್ಕನ್ನು ಬೆರಳಲ್ಲಿ ಉಜ್ಜಿ ನೋಡಿ, ಮೂರನ್ನು ಡಬ್ಬಿಗೆ ವಾಪಸು ಹಾಕಿ, ಚೌಕಾಸಿ ಮಾಡದೆ ಹೋಗುತ್ತಿದ್ದ. ಇಂಥ ಗಿರಾಕಿಯಿಂದ ಲಾಭವೂ ಇಲ್ಲ, ತಂಟೆಯೂ ಇಲ್ಲ. ಹೊಳಪಿಲ್ಲದಿದ್ದರೂ ಬಾಳಿಕೆ ಬರುವ ಮಾಲು ಎಂದುಕೊಂಡಿದ್ದೆ.

ಅವನು ಗಾಲ್ಫ್ ಆಡುತ್ತಾನೆ ಎಂದು ಗೊತ್ತಾದದ್ದು ನಾನು ಕ್ಲಬ್ಬಿಗೆ ಸೇರಿದ ಮೇಲೆ. ನಮ್ಮದು ದೊಡ್ಡವರ ಕ್ಲಬ್ಬಲ್ಲ. ನೀರಿನ ಟ್ಯಾಂಕಿನ ಹಿಂದೆ ಒಂದು ಮೈದಾನ, ತಗಡಿನ ಚಾವಣಿಯ ಒಂದು ಕೋಣೆ, ಅದರಲ್ಲಿ ಕಾಲು ಅಲ್ಲಾಡುವ ಒಂದು ಮೇಜು. ಅಂಗಡಿಯವರು, ಮೇಷ್ಟ್ರುಗಳು, ಒಬ್ಬ ಹಲ್ಲಿನ ಡಾಕ್ಟರು, ಇಂಥವರೇ ಸದಸ್ಯರು. ವ್ಯಾಪಾರಿಗೆ ಲೆಕ್ಕ ಬರುತ್ತದೆ ಎಂದು ನನ್ನನ್ನು ಹ್ಯಾಂಡಿಕ್ಯಾಪ್ ಸಮಿತಿಗೆ ಹಾಕಿದರು.

ಹ್ಯಾಂಡಿಕ್ಯಾಪ್ ಎಂದರೆ ಕೈ ಸಾಗದವನಿಗೆ ಕೊಡುವ ರಿಯಾಯಿತಿ. ಗಾಲ್ಫಿನಲ್ಲಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಗುಳಿಗಳಿಗೆ ಸೇರಿಸಿ ಮುಗಿಸಿದವನೇ ಗೆದ್ದವನು. ನೀವು ದಿನವೂ ಹೇಗೆ ಆಡುತ್ತೀರಿ ಎಂದು, ಹೊಡೆತಗಳ ಲೆಕ್ಕ ಬರೆದು ಕೊಟ್ಟ ನಿಮ್ಮ ಕಾರ್ಡುಗಳನ್ನು ನೋಡಿ, ಇಷ್ಟು ಹೊಡೆತ ನಿಮಗೆ ಮಾಫಿ ಎಂದು ಸಮಿತಿ ಗೊತ್ತುಮಾಡುತ್ತದೆ. ಸ್ಪರ್ಧೆಯ ದಿನ ಅಷ್ಟನ್ನು ಕಳೆಯುತ್ತಾರೆ. ಒಳ್ಳೆಯ ಏರ್ಪಾಡೇ. ಆದರೆ ರಿಯಾಯಿತಿ ಇದ್ದಲ್ಲಿ ಬೇಕೆಂದೇ ಹರಕು ಅಂಗಿ ತೊಟ್ಟು ಬರುವ ಗಿರಾಕಿಯೂ ಇರುತ್ತಾನೆ. ದಿನವೂ ಸೋಗು ಹಾಕಿ ಕೆಟ್ಟದಾಗಿ ಆಡಿ, ಸ್ಪರ್ಧೆಯ ದಿನ ಮಾತ್ರ ನಿಜವಾದ ಕೈ ತೋರಿಸಿದರೆ ಕಪ್ ಅವನ ಮನೆಗೇ.

ಎರಡು ವರ್ಷ ಮೇಲಿಂದ ಮೇಲೆ ಕಪ್ ಹೋದದ್ದು ಲಿಫ್ಟ್‌ನವನ ಮನೆಗೆ. ಎರಡು ಸಲವೂ ಎರಡನೆಯವರಾಗಿ ಬಂದದ್ದು ಹಲ್ಲಿನ ಡಾಕ್ಟರು. ದೂರು ಅವರದೇ.

“ವಾರದ ದಿನ ಇವನ ಆಟ ನೋಡಿದ್ರೆ ಪಾಪ ಅನ್ಸುತ್ತೆ. ಕಪ್ ದಿನ ಬಂದ್ರೆ ನಮ್ಮನ್ನ ನೋಡ್ಕೊಂಡು ನಮಗೇ ಪಾಪ ಅನ್ಸುತ್ತೆ,” ಎಂದರು ಡಾಕ್ಟರು. “ಲಿಫ್ಟ್‌ನವನಲ್ವಾ? ಬೇಕಾದಾಗ ಮೇಲೆ, ಬೇಕಾದಾಗ ಕೆಳಗೆ!”

ಸಮಿತಿಯವರು ಮೇಜು ಅಲ್ಲಾಡುವಂತೆ ನಕ್ಕರು. ಡಾಕ್ಟರು ನಗಲಿಲ್ಲ. “ಆಟದಲ್ಲಿ ಮೋಸ ಮಾಡೋನು ಲಿಫ್ಟಿನ ರೋಪು ನೆಟ್ಟಗೆ ನೋಡ್ತಾನೆ ಅಂತ ಏನು ಗ್ಯಾರಂಟಿ? ನನ್ನ ಕ್ಲಿನಿಕ್ ಐದನೇ ಮಹಡೀಲಿದೆ.”

ನಗು ನಿಂತಿತು. ಅಲ್ಲಿ ಕುಳಿತಿದ್ದ ಹೆಚ್ಚಿನವರ ಕಟ್ಟಡಗಳ ಲಿಫ್ಟು ನೋಡಿಕೊಳ್ಳುತ್ತಿದ್ದವನು ಅವನೇ. ಕಪ್ ಹೋದರೆ ಗೋಡೆಯ ಗೂಡೊಂದು ಖಾಲಿಯಾಗುತ್ತದೆ, ಅಷ್ಟೇ. ಈ ಮಾತು ಹಬ್ಬಿದರೆ ಕೆಲಸ ಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

“ಹಲ್ಲು ಕೀಳೋ ಮುಂಚೆ ಅಲ್ಲಾಡಿಸಿ ನೋಡಲ್ವಾ ಡಾಕ್ಟ್ರೇ? ಇದನ್ನೂ ಒಂದ್ಸಲ ಅಲ್ಲಾಡಿಸಿ ನೋಡೋಣ,” ಎಂದೆ.

“ಹಾಗಾದ್ರೆ ನೀವೇ ಅಲ್ಲಾಡಿಸಿ ಸಾಹುಕಾರ್ರೆ.”

ಬಾಯಿ ಬಿಟ್ಟ ತಪ್ಪಿಗೆ ಕೆಲಸ ನನ್ನ ಕೊರಳಿಗೆ ಬಿತ್ತು.

ವಾರದ ದಿನಗಳಲ್ಲಿ ಲಿಫ್ಟ್‌ನವನು ಆಡುತ್ತಿದ್ದದ್ದು ತನ್ನ ಮಾವನ ಜೊತೆ ಮಾತ್ರ. ನಾನೂ ಬರುತ್ತೇನೆ ಎಂದೆ. ಅಳಿಯ ಸ್ವಲ್ಪ ಅನುಮಾನಿಸಿದ, ಮಾವ ಖುಷಿಯಾದರು. ಹೆಂಡತಿಯ ತಂದೆಯಾದ ಈ ಹಿರಿಯರು ರೈಲು ಓಡಿಸಿ ನಿವೃತ್ತರಾದವರು. ಎತ್ತರದ ಆಳು, ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತಿದ್ದರು.

“ಮೈಲಿ ಆಚೆ ಇರೋ ಸಿಗ್ನಲ್ಲು ಕೆಂಪೋ ಹಸಿರೋ ಹೇಳ್ತಿದ್ದೆ ಸಾಹುಕಾರ್ರೆ. ಕಣ್ಣು ಇವತ್ತಿಗೂ ಹಾಗೇ ಇದೆ. ಅಲ್ವಾ ಅಳಿಯಂದ್ರೇ?”

“ಹೌದು ಮಾವ.”

ದಾರಿಯಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ ಹುಲ್ಲು ಕತ್ತರಿಸುವ ಯಂತ್ರಕ್ಕೆ ಮಾವ ಕೈಯೆತ್ತಿ, “ಏನಪ್ಪಾ, ಇವತ್ತು ಒಬ್ಬನೇ?” ಎಂದು ಕೇಳಿದರು. ಯಂತ್ರ ಉತ್ತರ ಕೊಡಲಿಲ್ಲ.

“ಈಗಿನವರಿಗೆ ಬಹಳ ಜಂಬ,” ಎಂದರು ಮಾವ.

ಅವರ ಮೊದಲ ಹೊಡೆತ ಬಲಗಡೆಯ ಪೊದೆಗೆ ಹೋಯಿತು. ಎಲೆ ಸರಿದ ಸದ್ದು ನನಗೂ ಕೇಳಿಸಿತು.

“ಎಲ್ಲಿ ಹೋಯ್ತು ಅಳಿಯಂದ್ರೇ?”

“ಸ್ವಲ್ಪ ಬಲಕ್ಕೆ ಮಾವ. ನೋಡ್ತೀನಿ ಇರಿ.”

ಅಳಿಯ ಓಡಿದ. ನಾನು ಅವನ ಬೆನ್ನ ಹಿಂದೆಯೇ ಇದ್ದೆ. ಅವನು ಪ್ಯಾಂಟಿನ ಜೇಬಿಗೆ ಕೈಹಾಕಿದ. ಒಂದು ಚೆಂಡು ಜೇಬಿನ ತೂತಿನಿಂದ ಕಾಲಿನುದ್ದಕ್ಕೂ ಜಾರಿ ಬೂಟಿನ ಪಕ್ಕ ಹುಲ್ಲಿನ ಮೇಲೆ ಕುಳಿತಿತು. ಅದರ ಮೇಲೆ ಮಾವನ ಗುರುತಾದ ಕೆಂಪು ಗೀಟೂ ಇತ್ತು.

“ಸಿಕ್ತು ಮಾವ! ಮರಕ್ಕೆ ತಗುಲಿ ಈಚೆ ಬಂದಿದೆ!”

ನಮ್ಮ ಮೈದಾನದ ಮರಗಳು ಇಷ್ಟು ಉಪಕಾರಿಗಳೆಂದು ಅಂದೇ ತಿಳಿದದ್ದು. ಮಾವನ ಚೆಂಡನ್ನು ಅವು ಮತ್ತೆ ಮತ್ತೆ ವಾಪಸು ಕೊಟ್ಟವು. ನನ್ನದನ್ನು ಒಂದು ಸಲವೂ ಕೊಡಲಿಲ್ಲ.

ಇತ್ತ ಅಳಿಯನ ಆಟ ಡಾಕ್ಟರು ಹೇಳಿದಷ್ಟೇ ಕೆಟ್ಟದಾಗಿತ್ತು. ಓಡಿ ಬಂದ ಏದುಸಿರು ಇಳಿಯುವ ಮೊದಲೇ ಹೊಡೆಯುತ್ತಿದ್ದ. ಒಂದು ಕಣ್ಣು ಮಾವ ಎತ್ತ ನಡೆದರು ಎಂಬುದರ ಮೇಲೆ. ಬೇಕೆಂದೇ ತಪ್ಪುವವನು ತಪ್ಪಿದ ಮೇಲೆ ಹಣೆ ಚಚ್ಚಿಕೊಂಡು ಅಯ್ಯೋ ಎನ್ನುತ್ತಾನೆ. ಇವನಿಗೆ ತಪ್ಪಿದ್ದರ ಕಡೆ ಗಮನವೇ ಇರಲಿಲ್ಲ.

ಆಟ ಮುಗಿದು ಮಾವ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಅವನಿಗೆ ಹೇಳಿದೆ, “ನಿನ್ನ ಜೇಬು ತೂತಾಗಿದೆ ಕಣಯ್ಯ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ಇವನು ಜೇಬು ಮುಟ್ಟಿ ನೋಡಿಕೊಳ್ಳಲಿಲ್ಲ.

“ನಾನೇ ಮಾಡ್ಕೊಂಡಿದ್ದು,” ಎಂದ.

“ಡಾಕ್ಟ್ರು ನಿನ್ನ ಕಳ್ಳ ಅಂತಿದಾರೆ.”

“ಗೊತ್ತು. ಕಪ್ ಬೇಕಾದ್ರೆ ತಗೊಂಡು ಹೋಗ್ಲಿ.”

“ಕಪ್ ಅಲ್ಲ, ಕೆಲಸಕ್ಕೇ ಕುತ್ತು ಬರುತ್ತೆ. ಇದ್ದದ್ದು ಹೇಳಿ ಮುಗಿಸಬಾರ್ದಾ?”

“ಹೇಳಿದ್ರೆ ಮಾವನ ಕಿವಿಗೆ ಬೀಳುತ್ತೆ. ಮನೇಲಿ ಬಾಗಿಲಿಗೆ ಡಿಕ್ಕಿ ಹೊಡ್ದು, ಬಾಗಿಲು ಸರಿಯಾಗಿ ಕೂರ್ಸಿಲ್ಲ ಅಂತ ನನಗೆ ಬೈತಾರೆ. ಕಣ್ಣಿನ ಡಾಕ್ಟ್ರು ಅಂದ್ರೆ ಊಟ ಬಿಡ್ತಾರೆ. ಇಲ್ಲಿಗಾದ್ರೂ ಬರ್ತಿದಾರಲ್ಲ.” ತಾನೇ ಸೇರಿಸಿದ, “ಲಿಫ್ಟ್ ನಡುವೆ ನಿಂತಾಗ ಒಳಗಿರೋರಿಗೆ ಮೊದ್ಲು ‘ಏನೂ ಆಗಿಲ್ಲ’ ಅಂತ ಕೂಗ್ತೀವಿ ಸಾಹುಕಾರ್ರೆ. ರಿಪೇರಿ ಆಮೇಲೆ.”

“ಇದರ ರಿಪೇರಿ ಯಾವಾಗ?”

“ಅದೇ ತೋಚ್ತಿಲ್ಲ.”

ಸಮಿತಿಗೆ ನಾನು ಕೊಟ್ಟ ವರದಿ ಚಿಕ್ಕದು. ಇವನು ಬೇಕೆಂದು ಕೆಟ್ಟದಾಗಿ ಆಡುತ್ತಿಲ್ಲ. ಹಿರಿಯರನ್ನು ನೋಡಿಕೊಳ್ಳುತ್ತಾ ಆಡುವಾಗ ಆಟ ಕೆಡುತ್ತದೆ. ಮಾವನ ಜೊತೆ ಆಡಿದ ಕಾರ್ಡುಗಳನ್ನು ಬಿಟ್ಟು, ಉಳಿದವುಗಳಿಂದ ಹ್ಯಾಂಡಿಕ್ಯಾಪ್ ಹಾಕಿ. ಡಾಕ್ಟರು ಎರಡು ಪ್ರಶ್ನೆ ಕೇಳಿದರು, ಒಪ್ಪಿಕೊಂಡರು. ಜೇಬಿನ ವಿಷಯ ಯಾರೂ ಕೇಳಲಿಲ್ಲ. ಅಂಗಡಿಯವನು ಕೇಳಿದ ಸಾಮಾನು ಕೊಡುತ್ತಾನೆ, ಕೇಳದ್ದನ್ನು ಕಟ್ಟಿಕೊಡುವುದಿಲ್ಲ. ಕಳೆದುಹೋದ ಚೆಂಡಿಗೆ ಸೇರಬೇಕಾದ ದಂಡದ ಹೊಡೆತಗಳು ಲೆಕ್ಕಕ್ಕೆ ಬಾರದೆ ಮಾವನ ಹ್ಯಾಂಡಿಕ್ಯಾಪ್ ಇರಬೇಕಾದ್ದಕ್ಕಿಂತ ಎಷ್ಟೋ ಕೆಳಗಿತ್ತು ನಿಜ. ಆದರೆ ಅವರು ಯಾವ ಸ್ಪರ್ಧೆಗೂ ನಿಲ್ಲುತ್ತಿರಲಿಲ್ಲ. ತನಗೇ ಕಡಿಮೆ ತೂಗಿಕೊಂಡವನ ಮೇಲೆ ದೂರು ತರುವ ಗಿರಾಕಿ ಎಲ್ಲಿದ್ದಾನೆ?

ಲಿಫ್ಟ್‌ನವನ ರಿಯಾಯಿತಿ ಸರಿಯಾಗಿ ಇಳಿಯಿತು. ಆ ವರ್ಷ ಅವನು ನಡುವೆಲ್ಲೋ ಬಂದ. ಕಪ್ ಡಾಕ್ಟರ ಮನೆಗೆ ಹೋಯಿತು. ಡಾಕ್ಟರು ಈಗಲೂ ಐದನೇ ಮಹಡಿಗೆ ಅವನು ರಿಪೇರಿ ಮಾಡಿದ ಲಿಫ್ಟಿನಲ್ಲೇ ಹೋಗುತ್ತಾರೆ. ಮಾವ ಇನ್ನೂ ಕೆಲವು ಕಾಲ ಆಡಿದರು. ಕೊನೆಯವರೆಗೂ ಅವರದು ಸಿಗ್ನಲ್ ಕಣ್ಣೇ ಆಗಿತ್ತು. ಆ ರಿಪೇರಿ ಆಗಲೇ ಇಲ್ಲ.

ಮಾವ ತೀರಿಕೊಂಡ ಮೇಲೆ ಅವನಿಗೆ ನಾನು ಜೊತೆ, ನನಗೆ ಅವನು. ನನಗೂ ವಯಸ್ಸಾಗಿದೆ. ಕೈಯಲ್ಲಿರುವ ಬಿಲ್ಲು ಓದಬಲ್ಲೆ. ದೂರದ ಗುಳಿಗೆ ನೆಟ್ಟ ಬಾವುಟ ಮಂಜು ಮಂಜು. ಇದನ್ನು ಯಾರಿಗೂ ಹೇಳಿರಲಿಲ್ಲ. ಈಚೆಗೊಂದು ದಿನ ಚೆಂಡು ಹೊಡೆದು, ಅದು ಎತ್ತ ಹೋಯಿತೆಂದು ತಿಳಿಯದೆ, ತಿಳಿದವನಂತೆ ನಡೆಯುತ್ತಿದ್ದೆ. ಮುಂದುಗಡೆಯಿಂದ ಕೂಗು ಬಂತು.

“ಸಿಕ್ತು ಸಾಹುಕಾರ್ರೆ! ಮರಕ್ಕೆ ತಗುಲಿ ಈಚೆ ಬಂದಿದೆ!”

ಗುಳಿಯಿಂದ ಚೆಂಡನ್ನು ತೆಗೆದಾಗ ಹತ್ತಿರ ಹಿಡಿದು ನೋಡಿದೆ. ನನ್ನ ಗುರುತಿನ ನೀಲಿ ಚುಕ್ಕಿ ಅದರಲ್ಲೂ ಇತ್ತು. ಆದರೆ ನಾನು ಚುಕ್ಕಿ ಇಡುವುದು ಚೆಂಡಿನ ಮೇಲೆ ಅಚ್ಚಾದ ಅಂಕಿಯ ಕೆಳಗೆ. ಇದರಲ್ಲಿ ಮೇಲಿತ್ತು.

ಕೋಣೆಗೆ ಬಂದ ಮೇಲೆ ನಾನು ಕಾರ್ಡು ಕೊಡುವ ಮೇಜಿನ ಕಡೆ ಹೋಗಲಿಲ್ಲ.

“ಕಾರ್ಡ್ ಕೊಡಲ್ವಾ?” ಎಂದ.

“ಇನ್ಮೇಲೆ ಕೊಡಲ್ಲ. ಸುಮ್ನೆ ಆಡೋಣ.”

ಅವನು ತನ್ನ ಬೂಟು ನೋಡಿಕೊಂಡ. ಮರುವಾರ ನಾನು ಕಣ್ಣಿನ ಡಾಕ್ಟರ ಬಳಿ ಹೋದೆ. ಆಪರೇಷನ್ನಿಗೆ ದಿನ ಗೊತ್ತಾಗಿದೆ.

ಅವನಿಗೆ ನಾನು ಕೊಡಬೇಕಾದ ಚೆಂಡುಗಳ ಬಾಕಿ ಇದೆ. ಎಷ್ಟು ಎಂದು ಕೇಳಿಲ್ಲ.