ಒಂದು ಸೇರು ತೌಡಿನ ಹೆಸರು

ಮೂವತ್ತೆರಡು ವರ್ಷ ಹಾಜರಿ ಕೂಗಿದ ಮೇಷ್ಟ್ರು ನಾನು. ಹೊಸ ಹೆಸರು ಕಿವಿಗೆ ಬಿದ್ದರೆ ಅದರ ಬುಡ ಕೆದಕದೆ ನಿದ್ದೆ ಬಾರದು. ನಂಗಲಿಯ ಹೆದ್ದಾರಿ ಪಕ್ಕದ ಟೀ ಅಂಗಡಿಯಾಕೆ ತನ್ನ ಹೆಸರು ತೌಡಮ್ಮ ಎಂದಾಗ ಎರಡನೇ ಟೀ ಹೇಳಿ ಕೂತೇಬಿಟ್ಟೆ. ದನ ತಿನ್ನುವ ತೌಡಿನ ಹೆಸರನ್ನು ಹೆತ್ತ ಮಗುವಿಗೆ ಯಾರಾದರೂ ಇಡುತ್ತಾರೆಯೇ?

“ನಮ್ಮಮ್ಮ ನನ್ನ ತೌಡಿಗೆ ಮಾರ್ಬಿಟ್ಟಿದ್ಲು ಮೇಷ್ಟ್ರೇ,” ಎಂದು ತೌಡಮ್ಮ ನಕ್ಕರು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು.

ತಾಯಿ ಮುನಿಯಲ್ಲಮ್ಮನಿಗೆ ಮೊದಲು ಹುಟ್ಟಿದ ಮೂರು ಕೂಸುಗಳೂ ಬಾಣಂತನದಲ್ಲೇ ಕಣ್ಣು ಮುಚ್ಚಿದ್ದವಂತೆ. ನಾಲ್ಕನೆಯವಳಾದ ಈಕೆಯನ್ನು ಹುಟ್ಟಿದ ದಿನವೇ ಮೊರದಲ್ಲಿ ಮಲಗಿಸಿ, ಪಕ್ಕದ ಮನೆಯ ರಹಮತುನ್ನೀಸಾಗೆ ಒಂದು ಸೇರು ತೌಡಿಗೆ ಕೊಟ್ಟರು. ಬೇರೆಯವರ ಮಗು ಎಂದುಕೊಂಡು ಸಾವು ಮೋಸಹೋಗಲಿ ಎಂಬ ಉಪಾಯ. ಹೆಸರಿಡುವ ದಿನ ತೌಡು ಹಿಂದಿರುಗಿಸಿ ಮಗುವನ್ನು ಬಿಡಿಸಿಕೊಳ್ಳುವುದು ಪದ್ಧತಿ. ಮುನಿಯಲ್ಲಮ್ಮನಿಗೆ ಆ ಧೈರ್ಯ ಬರಲಿಲ್ಲ. ಮಗುವನ್ನು ತನ್ನ ಮನೆಯಲ್ಲೇ, ತನ್ನ ಹಾಲು ಕುಡಿಸಿಯೇ ಬೆಳೆಸಿದಳು. ಆದರೆ ಯಾರು ಕೇಳಿದರೂ “ರಹಮತಕ್ಕನ ಮಗಳು” ಎನ್ನುವಳು. ಶಾಲೆಗೆ ಸೇರಿಸುವಾಗಲೂ, ಧಾರೆ ಎರೆಯುವಾಗಲೂ ಅದೇ ಮಾತು. ರಹಮತುನ್ನೀಸಾ ತೀರಿಕೊಂಡು ಇಪ್ಪತ್ತು ವರ್ಷವಾದರೂ ಅದು ಬದಲಾಗಲಿಲ್ಲ.

ನನಗೆ ನಗು ಬಂತು. ತೌಡಮ್ಮ ಈಗ ನಗಲಿಲ್ಲ. “ನಾಳೆ ಕೋಲಾರದಲ್ಲಿ ನಂಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಐತೆ. ಹೋಗೋಕ್ ಮುಂಚೆ ನಮ್ಮಮ್ಮ ಒಂದ್ಸಲ ‘ನನ್ ಮಗಳು’ ಅಂದ್ರೆ ಸಾಕು ನಂಗೆ. ನೀವಾದ್ರೂ ಕೇಳಿ ಮೇಷ್ಟ್ರೇ, ಓದಿದೋರ ಮಾತಿಗೆ ಬೆಲೆ ಕೊಡ್ತಾಳೆ.”

ಮೂಗು ತೂರಿಸುವುದು ನನಗೇನೂ ಹೊಸದಲ್ಲ. ಅಂಗಡಿಯ ಹಿಂದೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಮುನಿಯಲ್ಲಮ್ಮನ ಮುಂದೆ ಹೋಗಿ ಕೂತೆ.

“ಅಮ್ಮಾ, ತೌಡಮ್ಮ ಯಾರ ಮಗಳು?”

“ರಹಮತಕ್ಕನ ಮಗಳು ಸಾಮಿ.”

“ಅರವತ್ತು ವರ್ಷ ಆಗ್ತಾ ಬಂತು. ಇನ್ನೂ ಯಾರಿಗೆ ಹೆದರ್ತೀರಮ್ಮ? ಒಂದ್ಸಲ ನಿಜ ಹೇಳಿ. ಪಾಪ, ಕಾಯ್ತಿದಾರೆ.”

ಮುದುಕಿ ನನ್ನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡಳು. “ಮೆಲ್ಲಗ್ ಮಾತಾಡಿ ಸಾಮಿ. ಇಷ್ಟು ವರ್ಷ ಉಳಿಸ್ಕೊಂಡಿದೀನಿ. ನಾಳೆ ಆಪರೇಷನ್ ಇಟ್ಕೊಂಡು ಇವತ್ತು ಹೇಳ್ಲಾ?”

ನನ್ನ ನಗುವಿಗೆ ನನಗೇ ನಾಚಿಕೆಯಾಯಿತು. ಬಾಗಿಲಲ್ಲಿ ನಿಂತಿದ್ದ ತೌಡಮ್ಮನಿಗೂ ಆ ಮಾತು ಕೇಳಿಸಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಬಂದು ತಾಯಿಯ ಪಕ್ಕ ಕೂತರು.

“ಬೇಡ ಬಿಡಮ್ಮ,” ಎಂದರು. “ರಹಮತಕ್ಕನ ಮಗಳು ಹೋಗ್ ಬರ್ತಾಳೆ.”